ಚೆನ್ನಮ್ಮನಿಗೆ ಯಾವ ಶಕ್ತಿ ಕೊಡೋಣ?

ಬೈಲಹೊಂಗಲದಲ್ಲಿರುವ ನಮ್ಮ ಸಂಬಂಧಿಕರ ಮನೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗನೊಬ್ಬನಿದ್ದಾನೆ. ರಜೆಯಲ್ಲಿ ಅಲ್ಲಿಗೆ ಹೋಗಿದ್ದಾಗ ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ಎತ್ತಿಕೊಂಡು ನಮ್ಮ ಪಕ್ಕ ಬಂದು ಕುಳಿತ. ಪರೀಕ್ಷೆಯದೋ ನೌಕರಿಯದೋ ವಿಚಾರವಿರಬೇಕು ಎಂದುಕೊಂಡೆವು. ಅವನು ಕೇಳಿದ್ದೇ ಬೇರೆ: 'ಚೆನ್ನಮ್ಮಗ ಯಾವ ಶಕ್ತಿ ಕೊಡೂಣು ಹೇಳ್ರಿ?'

ಅವನು ಆಡುವುದು 'ಸಿವಿಲೈಸೇಶನ್' ಎಂಬ ಕಂಪ್ಯೂಟರ್ ಆಟ. ಸಿಡ್ ಮಯರ್ ಎಂಬ ಅಮೆರಿಕನ್ 1991ರಲ್ಲಿ ಹೊರತಂದ ಈ ಆಟದ ಏಳನೆಯ ಆವೃತ್ತಿ 2025ರಲ್ಲಿ ಬಂದಿದೆ. ಆಡುವವನು ಒಂದು ನಾಗರಿಕತೆಯನ್ನು ಆರಿಸಿಕೊಂಡು ಕ್ರಿ.ಪೂ. 4000ದಲ್ಲಿ ಮೊದಲ ಊರು ಕಟ್ಟಬೇಕು. ಅಲ್ಲಿಂದ ಕೃಷಿ, ಲಿಪಿ, ಕುದುರೆ, ಮದ್ದುಗುಂಡು ಎಂದು ಒಂದೊಂದೇ ಕಲಿಯುತ್ತ ರಾಕೆಟ್ಟಿನವರೆಗೆ ಬರಬೇಕು. ಪ್ರತಿ ನಾಗರಿಕತೆಗೂ ಒಬ್ಬ ನಾಯಕ ಇರುತ್ತಾನೆ. ಅವನಿಗೆ ಮುಖವಿದೆ, ಸ್ವಭಾವವಿದೆ, ಸಾವು ಮಾತ್ರ ಇಲ್ಲ. ಆರು ಸಾವಿರ ವರ್ಷ ಒಬ್ಬನೇ ಆಳುತ್ತಾನೆ. ಹುಡುಗನ ಬಳಿ ಇದ್ದದ್ದು 2016ರ ಆರನೆಯ ಆವೃತ್ತಿ. ಕಂಪನಿ ಕೊಟ್ಟ ನಾಯಕರು ಸಾಲದೆಂದು ಕಂಡವರು ತಮ್ಮದೇ ನಾಯಕರನ್ನು ಬರೆದು ಅದರೊಳಗೆ ಸೇರಿಸಬಹುದು. ಇವನು ಕಿತ್ತೂರಿನ ರಾಣಿಯನ್ನು ಸೇರಿಸಲು ಹೊರಟಿದ್ದ.

ಅದಕ್ಕೆ ಒಂದು ಅರ್ಜಿಯಂಥದನ್ನು ತುಂಬಬೇಕು. ನಾಯಕರ ಹೆಸರು, ರಾಜಧಾನಿ, ವಿಶೇಷ ಶಕ್ತಿ, ಬೇರೆಯವರಲ್ಲಿ ಅವರು ಮೆಚ್ಚುವುದೇನು ಮತ್ತು ಸಹಿಸದಿರುವುದೇನು, ಅವರದೇ ಆದ ಸೈನ್ಯ ಯಾವುದು, ಮೊದಲ ಭೇಟಿಯಲ್ಲಿ ಏನನ್ನುತ್ತಾರೆ, ಸೋತಾಗ ಏನನ್ನುತ್ತಾರೆ. ಹೆಸರು ಮತ್ತು ರಾಜಧಾನಿ ಬರೆದು ಹುಡುಗ ನಿಂತುಬಿಟ್ಟಿದ್ದ. ಎರಡು ರಾತ್ರಿ ನಾವೂ ಅವನ ಜೊತೆ ಕುಳಿತೆವು. ಬಹಳಷ್ಟು ಖಾನೆಗಳು ಖಾಲಿಯೇ ಉಳಿದವು. ಅವು ಯಾಕೆ ಖಾಲಿ ಉಳಿದವು ಎಂಬುದೇ ಈ ಬರಹದ ವಿಷಯ.

ಇದೊಂದು ಮಕ್ಕಳಾಟ, ಇದರಲ್ಲಿ ಚಿಂತಿಸುವಂಥದ್ದೇನಿದೆ ಎಂದು ಕೆಲವು ಓದುಗರಿಗೆ ಅನ್ನಿಸಬಹುದು. ನಮಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಪಠ್ಯಪುಸ್ತಕದಲ್ಲಿ ಅಶೋಕನ ಪಾಠ ಎರಡು ದಿನದಲ್ಲಿ ಮುಗಿಯುತ್ತದೆ. ಆಟದ ಅಶೋಕನೊಡನೆ ಹುಡುಗನೊಬ್ಬ ನೂರಾರು ಗಂಟೆ ಕಳೆಯುತ್ತಾನೆ. ಒಂದು ಜನಾಂಗವೆಂದರೆ ಯಾರು, ಅದರ ದೊಡ್ಡತನ ಯಾವುದು ಎಂಬ ತಿಳಿವಳಿಕೆ ಎಳೆಯರಿಗೆ ಈಗ ಅಲ್ಲಿಂದಲೂ ಬರುತ್ತಿದೆ.

ಆಟದಲ್ಲಿ ಅರಸನನ್ನು ನಿಲ್ಲಿಸುವುದು ಹೊಸತೇನಲ್ಲ. ಚದುರಂಗದಲ್ಲಿ ರಾಜನಿದ್ದಾನೆ. ಆದರೆ ಆ ರಾಜನಿಗೆ ಹೆಸರಿಲ್ಲ. ಭಾರತದಿಂದ ಇರಾನಿಗೆ, ಅಲ್ಲಿಂದ ಅರಬರಿಗೆ ಹೋಗಿ ಶತರಂಜ್ ಆದಾಗ ಅವನಿಗೆ ಮುಖವೂ ಉಳಿಯಲಿಲ್ಲ. ಮುಸ್ಲಿಂ ನಾಡುಗಳ ಹಳೆಯ ಶತರಂಜ್ ಕಾಯಿಗಳು ಬರಿಯ ಗುಂಡು, ಗೂಟದ ಆಕಾರದವು. ಬಿಳಿಯ ರಾಜ ಸೋತರೆ ಯಾವ ಊರಿಗೂ ಅವಮಾನವಿಲ್ಲ. 'ಸಿವಿಲೈಸೇಶನ್' ಆ ಕಾಯಿಗೆ ಹೆಸರು, ಮುಖ, ಪೋಷಾಕು ಕೊಟ್ಟಿತು. ತಂಟೆ ಶುರುವಾದದ್ದು ಅಲ್ಲಿಂದಲೇ.

1991ರ ಮೊದಲ ಪಟ್ಟಿಯನ್ನು ನೋಡಿ. ರೋಮಿಗೆ ಸೀಸರ್, ಗ್ರೀಸಿಗೆ ಅಲೆಕ್ಸಾಂಡರ್, ಬ್ಯಾಬಿಲೋನಿಗೆ ಹಮ್ಮುರಾಬಿ, ರಷ್ಯಕ್ಕೆ ಸ್ಟಾಲಿನ್, ಚೀನಕ್ಕೆ ಮಾವೋ, ಭಾರತಕ್ಕೆ ಗಾಂಧಿ. ಎಲ್ಲರೂ ಒಂದೇ ಹಲಗೆಯ ಮೇಲೆ. ಒಂದು ದಿನವೂ ರಾಜ್ಯಭಾರ ಮಾಡದ ಮನುಷ್ಯ ಆರು ಸಾವಿರ ವರ್ಷದ ಚಕ್ರವರ್ತಿ! ಎರಡನೆಯ ಆವೃತ್ತಿ 1996ರಲ್ಲಿ ಬಂದಾಗ ಪ್ರತಿ ನಾಗರಿಕತೆಗೂ ಒಬ್ಬ ಗಂಡಸು, ಒಬ್ಬ ಹೆಂಗಸು ಇರಲಿ ಎಂದು ನಿಶ್ಚಯಿಸಿದರು. ಉದ್ದೇಶ ಒಳ್ಳೆಯದೇ. ಭಾರತಕ್ಕೆ ಇಂದಿರಾ ಗಾಂಧಿ ಸಿಕ್ಕರು. ಜಪಾನಿಗೆ ಅಮತೆರಾಸು ಎಂಬ ಸೂರ್ಯದೇವಿಯನ್ನೂ ಬ್ಯಾಬಿಲೋನಿಗೆ ಇಶ್ತಾರ್ ದೇವಿಯನ್ನೂ ತಂದು ಕೂರಿಸಿದರು. ಜುಲು ಜನರಿಗೆ ಶಾಕಾ ಎಂಬ ಅರಸನ ಹೆಸರನ್ನೇ ಹಿಗ್ಗಿಸಿ 'ಶಾಕಾಲಾ' ಎಂಬ ಹೆಣ್ಣನ್ನು ಹುಟ್ಟಿಸಿದರು. ನಗು ಬರುತ್ತದೆ. ಆದರೆ ಹುಡುಕದವನಿಗೆ ಯಾವ ನಾಡಿನಲ್ಲೂ ರಾಣಿ ಸಿಗುವುದಿಲ್ಲ.

ಪ್ರತಿನಿಧಿ ಎಂಬ ಮಾತನ್ನು ನಾವು ಎರಡು ಅರ್ಥದಲ್ಲಿ ಬಳಸುತ್ತೇವೆ. ನಾವೇ ಆರಿಸಿ ಕಳಿಸಿದವನು ಒಬ್ಬ ಪ್ರತಿನಿಧಿ. ಅವನನ್ನು ಕೇಳಬಹುದು, ಬದಲಿಸಬಹುದು. ಇನ್ನೊಂದು ಅರ್ಥ ಮಾದರಿಯದು. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು ಎನ್ನುತ್ತೇವಲ್ಲ, ಹಾಗೆ. ಒಂದಗುಳು ಹಿಚುಕಿದವರು ಗಡಿಗೆಯಷ್ಟೂ ತಿಳಿಯಿತು ಎನ್ನುತ್ತಾರೆ. ಆಟದ ನಾಯಕರು ಈ ಎರಡನೆಯ ಬಗೆಯವರು. ಆದರೆ ಪರದೆಯ ಮೇಲೆ ಅವರು ಮೊದಲನೆಯ ಬಗೆಯವರಂತೆ ಮಾತಾಡುತ್ತಾರೆ, ತಮ್ಮ ಜನರ ಪರವಾಗಿ ಯುದ್ಧ ಸಾರುತ್ತಾರೆ, ಸಂಧಿ ಮಾಡಿಕೊಳ್ಳುತ್ತಾರೆ. ಅನುಮತಿ ಕೊಟ್ಟವರು ಯಾರು? ನಾಯಕ ಸತ್ತು ಹೋಗಿದ್ದಾನೆ, ಅವನನ್ನು ಕೇಳುವಂತಿಲ್ಲ. ಅವನ ಜನ ಬದುಕಿದ್ದಾರೆ, ಅವರನ್ನು ಕೇಳಿಲ್ಲ.

ಕೇಳಿದಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. 1680ರಲ್ಲಿ ಸ್ಪೇನಿನ ಆಳ್ವಿಕೆಯ ವಿರುದ್ಧ ಬಂಡೆದ್ದ ಪೋಪೆ ಎಂಬವನನ್ನು ಐದನೆಯ ಆವೃತ್ತಿಗೆ ಸೇರಿಸಬೇಕೆಂದು ಕಂಪನಿಯವರು ಯೋಚಿಸಿದ್ದರು. ಅಮೆರಿಕದ ನೈಋತ್ಯದಲ್ಲಿರುವ ಅವನ ಜನ, ಪುಯೆಬ್ಲೊಗಳು, ತಮ್ಮ ಪೂಜ್ಯ ಹಿರಿಯನನ್ನು ಆಟದ ಗೊಂಬೆ ಮಾಡುವುದು ಬೇಡವೆಂದರು. ಕಂಪನಿ ಕೈಬಿಟ್ಟಿತು, 2013ರಲ್ಲಿ ಆ ಜಾಗಕ್ಕೆ ಶೊಶೋನಿ ಎಂಬ ಬೇರೆ ಬುಡಕಟ್ಟು ಬಂತು. ಕೆನಡಾದ ಕ್ರೀ ಜನರ ನಾಯಕ ಪೌಂಡ್‌ಮೇಕರನನ್ನು 2018ರಲ್ಲಿ ಸೇರಿಸಿದಾಗ ಆ ಸಮುದಾಯದ ಮುಖಂಡ ಮಿಲ್ಟನ್ ಟೂಟೂಸಿಸ್ ಬಹಿರಂಗವಾಗಿ ಆಕ್ಷೇಪಿಸಿದರು. ಇತರರ ನೆಲವನ್ನು ಗೆದ್ದುಕೊಳ್ಳುವುದು ನಮ್ಮ ಹಿರಿಯರ ಮೌಲ್ಯವೇ ಆಗಿರಲಿಲ್ಲ, ಆಟ ಅವರನ್ನೂ ವಸಾಹತುಗಾರರಂತೆಯೇ ತೋರಿಸುತ್ತದೆ ಎಂಬುದು ಅವರ ಮಾತಿನ ಸಾರ. 1885ರಲ್ಲಿ ಕೆನಡಾದ ಸೈನ್ಯ ದಾಳಿ ಮಾಡಿ ಸೋತು ಹಿಮ್ಮೆಟ್ಟುತ್ತಿದ್ದಾಗ ಬೆನ್ನಟ್ಟಿ ಕೊಲ್ಲದಂತೆ ತನ್ನವರನ್ನು ತಡೆದವನು ಪೌಂಡ್‌ಮೇಕರ್. ಆ ಸರಕಾರ ಅವನನ್ನು ರಾಜದ್ರೋಹಿಯೆಂದು ಜೈಲಿಗೆ ಹಾಕಿತು. ಅವನು ನಿರಪರಾಧಿ ಎಂದು ಕೆನಡಾ ಘೋಷಿಸಿದ್ದು 2019ರಲ್ಲಿ. ಅಂದರೆ ಸರಕಾರಕ್ಕಿಂತ ಒಂದು ವರ್ಷ ಮುಂಚೆ ಆಟದ ಕಂಪನಿ ಅವನನ್ನು ನಾಯಕನೆಂದಿತ್ತು. ಇದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ನಮ್ಮ ಸಮುದಾಯಕ್ಕೂ ಇದು ಸಂಬಂಧಿಸಿದ್ದೇ. ಮೂರನೆಯ ಆವೃತ್ತಿಗೆ 2002ರಲ್ಲಿ ಬಂದ ಸೇರ್ಪಡೆಯಲ್ಲಿ ಅರಬರ ನಾಯಕರಾಗಿ ಮೊದಲ ಖಲೀಫ ಅಬೂಬಕ್ಕರ್ ಇದ್ದರು, ಮುಖಸಹಿತ. ಅವರ ಚಿತ್ರ ಬರೆಯುವುದನ್ನೇ ಅನುಚಿತವೆಂದು ತಿಳಿಯುವ ಕೋಟ್ಯಂತರ ಜನರಿದ್ದಾರೆಂಬುದು ಆಟ ಕಟ್ಟಿದವರಿಗೆ ಹೊಳೆಯಲಿಲ್ಲವೋ ಏನೋ. ಮುಂದಿನ ಆವೃತ್ತಿಗಳಲ್ಲಿ ಸಲಾಹುದ್ದೀನ್, ಹಾರೂನ್ ರಶೀದ್ ಬಂದರು. ಆರನೆಯದರಲ್ಲಿ ಮತ್ತೆ ಸಲಾಹುದ್ದೀನ್. ಅವನ ಶಕ್ತಿ ಏನೆಂದು ಹುಡುಗನನ್ನು ಕೇಳಿದೆವು. ಪ್ರಾರ್ಥನಾಲಯಗಳನ್ನು ಅಗ್ಗದಲ್ಲಿ ಕೊಳ್ಳಬಹುದು, ಅವುಗಳಿಂದ ವಿಜ್ಞಾನವೂ ಹೆಚ್ಚುತ್ತದೆ ಎಂದ. ಸಲಾಹುದ್ದೀನನನ್ನು ಶತ್ರುಗಳೂ ನೆನೆಯುವುದು ಅದಕ್ಕಲ್ಲ. 1099ರಲ್ಲಿ ಜೆರುಸಲೇಮನ್ನು ಗೆದ್ದ ಕ್ರುಸೇಡಿನವರು ಊರಿನವರನ್ನು ಕಡಿದು ಹಾಕಿದ್ದರು. 1187ರಲ್ಲಿ ಅದನ್ನು ಮರಳಿ ಪಡೆದವನು ಕೊಲೆಗೆ ಅವಕಾಶ ಕೊಡದೆ ಬಿಡುಗಡೆಯ ಹಣ ಪಡೆದು ಜನರನ್ನು ಹೊರಹೋಗಲು ಬಿಟ್ಟ. ಹಣ ಕೊಡಲಾಗದ ಅನೇಕರು ಗುಲಾಮರಾದರೆಂಬುದೂ ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಅವನ ಹೆಸರು ಉಳಿದದ್ದು ಗೆದ್ದುದರಿಂದಲ್ಲ, ಗೆದ್ದ ಮೇಲೆ ಕೈ ತಡೆದುದರಿಂದ. ಅದಕ್ಕೆ ಆಟದಲ್ಲಿ ಅಂಕ ಇಲ್ಲ.

ಇಲ್ಲಿಂದ ಕಿತ್ತೂರಿಗೆ ಬರೋಣ. ಏಳನೆಯ ಆವೃತ್ತಿಯಲ್ಲಿ ಝಾನ್ಸಿಯ ಲಕ್ಷ್ಮೀಬಾಯಿ ಇದ್ದಾಳೆ. ಬೈಲಹೊಂಗಲದ ಹುಡುಗನಿಗೆ ಸಿಟ್ಟು ಬಂದದ್ದು ಅದಕ್ಕೇ. ಝಾನ್ಸಿಗಿಂತ 33 ವರ್ಷ ಮೊದಲು ನಮ್ಮ ರಾಣಿ ಎದ್ದಿದ್ದಳು ಎಂಬುದು ಈ ಭಾಗದಲ್ಲಿ ಪ್ರತಿ ಭಾಷಣದ ಮಾತು. ಲೆಕ್ಕ ಸರಿಯೇ. 1824ರಲ್ಲಿ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದೆ ಖಜಾನೆಗೆ ಮುದ್ರೆ ಹಾಕಿದ. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಕಾಳಗವಾಗಿ ಥ್ಯಾಕರೆ ಸತ್ತ. ಡಿಸೆಂಬರಿನ ಮೊದಲ ವಾರದಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿಟ್ಟರು. 1829ರ ಫೆಬ್ರವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಸಮಾಧಿ ಇಂದಿಗೂ ಆ ಊರಿನಲ್ಲಿದೆ.

'ವಿಶೇಷ ಶಕ್ತಿ' ಎಂಬ ಖಾನೆಗೆ ಹುಡುಗ ಮೊದಲು ಬರೆದದ್ದು 'ಸ್ವಂತ ನೆಲದ ಮೇಲೆ ಯುದ್ಧ ಮಾಡಿದರೆ ಬಲ ಹೆಚ್ಚು' ಎಂದು. ತಪ್ಪೇನಿಲ್ಲ. ಆದರೆ ಅದು ಕೋಟೆಯುಳ್ಳ ಯಾವ ಪಾಳೆಯಗಾರನಿಗೂ ಒಪ್ಪುವ ಮಾತು. ಚೆನ್ನಮ್ಮನದೇ ಆದದ್ದೇನು? ಆಗ ನಮಗೆ ನೆನಪಾದದ್ದು ಸೆರೆಯಾಳುಗಳು. ಅಕ್ಟೋಬರಿನ ಕಾಳಗದಲ್ಲಿ ಎಲಿಯಟ್ ಮತ್ತು ಸ್ಟೀವನ್ಸನ್ ಎಂಬ ಇಬ್ಬರು ತರುಣ ಅಧಿಕಾರಿಗಳು ಕಿತ್ತೂರಿನವರ ಕೈಗೆ ಸಿಕ್ಕರು. ಸುಮಾರು ಆರು ವಾರ ಒಳಗಿದ್ದು ಜೀವಸಹಿತ ಹೊರಬಂದರು. ಸಂಧಾನದಲ್ಲಿ ಅವರೊಂದು ದಾಳವೂ ಆಗಿದ್ದರು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕಂಪನಿಯ ತೋಪುಗಳು ಹತ್ತಿರ ಬರುತ್ತಿದ್ದಾಗಲೂ ಆ ದಾಳವನ್ನು ಮುರಿಯಲಿಲ್ಲ, ಬಿಟ್ಟುಕೊಟ್ಟಳು.

ಆ ಎಲಿಯಟ್ ಮುಂದೆ ಏನಾದನೆಂಬುದು ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ವಾಲ್ಟರ್ ಎಲಿಯಟ್ ಆಗ ಇಪ್ಪತ್ತೊಂದರ ಹುಡುಗ. ನಂತರದ ವರ್ಷಗಳಲ್ಲಿ ಈ ಸೀಮೆಯಲ್ಲೆಲ್ಲ ಓಡಾಡಿ ಐನೂರಕ್ಕೂ ಹೆಚ್ಚು ಶಾಸನಗಳ ಪ್ರತಿ ಮಾಡಿಸಿದ. ಕನ್ನಡ ನಾಡಿನ ಹಳೆಯ ರಾಜಮನೆತನಗಳ ವಿಷಯವಾಗಿ ವಿದ್ವಾಂಸರಿಗೆ ಮೊದಮೊದಲು ತಿಳಿದದ್ದರಲ್ಲಿ ಬಹುಪಾಲು ಆ ಸಂಗ್ರಹದಿಂದ. ಕಿತ್ತೂರಿನಲ್ಲಿ ಅವನ ತಲೆ ಉರುಳಿದ್ದರೆ ಚಾಲುಕ್ಯರ ಚರಿತ್ರೆ ನಮಗೆ ಇನ್ನೆಷ್ಟು ತಡವಾಗಿ ಸಿಗುತ್ತಿತ್ತೋ. ಇದನ್ನು ಹೇಳಿದಾಗ ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅವನು ಹೇಳಿದ್ದು ಆಟದ ಮಿತಿಯನ್ನು. ಸೋತ ಸೈನ್ಯಕ್ಕೆ ಇಲ್ಲಿ ಸೆರೆಮನೆಯಿಲ್ಲ, ಅದು ಪರದೆಯಿಂದ ಮಾಯವಾಗುತ್ತದೆ. ಸೆರೆಯಾಳೇ ಇಲ್ಲದ ಲೋಕದಲ್ಲಿ ಸೆರೆಯಾಳನ್ನು ಬಾಳಿಸಿದವಳಿಗೆ ಯಾವ ಶಕ್ತಿ ಕೊಡುವುದು?

ಬೈಲಹೊಂಗಲದ ನಾಲ್ಕು ವರ್ಷಗಳ ಗತಿಯೂ ಇದೇ. ಆಟದಲ್ಲಿ ರಾಜಧಾನಿ ಬಿದ್ದು ಊರುಗಳೆಲ್ಲ ಹೋದರೆ ನಾಯಕ ಒಂದು ವಾಕ್ಯ ಹೇಳಿ ಅಳಿಸಿಹೋಗುತ್ತಾನೆ. ಇತಿಹಾಸದಲ್ಲಿ ಸೋತವರು ಮರುದಿನ ಏಳಬೇಕಾಗುತ್ತದೆ, ಉಣ್ಣಬೇಕಾಗುತ್ತದೆ, ಕಾವಲುಗಾರನ ಮುಖ ನೋಡಬೇಕಾಗುತ್ತದೆ. ಬೈಲಹೊಂಗಲದವರು ಚೆನ್ನಮ್ಮನನ್ನು ತಮ್ಮವಳೆನ್ನುವುದು ಅವಳು ಗೆದ್ದ ದಿನಕ್ಕಾಗಿ ಅಲ್ಲ. ಆ ದಿನ ಕಿತ್ತೂರಿನದು. ಇವರದು ಸೆರೆಯ ದಿನಗಳು.

ಮತ್ತೆ, ಚೆನ್ನಮ್ಮನೇ ಏಕೆ ಎಂದು ಸಂಗೊಳ್ಳಿಯವರು ಕೇಳಬಹುದು. ಕೋಟೆ ಬಿದ್ದ ಮೇಲೂ ಬಿಡದೆ, ರಾಣಿ ಸತ್ತ ಮೇಲೂ ದತ್ತಕ ಪುತ್ರನ ಹೆಸರಿನಲ್ಲಿ ಹೋರಾಡಿ 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿದವನು ರಾಯಣ್ಣ. ಅರಸನಲ್ಲ, ಚಾಕರಿಗೆ ಪ್ರತಿಯಾಗಿ ಭೂಮಿ ಪಡೆದ ಶೇತಸನದಿ ಮನೆತನದವನು. ಮಕ್ಕಳಾಗಲೆಂದು ಹೆಂಗಸರು ಅವನ ಸಮಾಧಿಯ ಬಳಿ ಇಂದಿಗೂ ತೊಟ್ಟಿಲು ಕಟ್ಟುತ್ತಾರೆ. ಆಟದಲ್ಲಿ ಇಂಥವರಿಗೆ ಸಿಗುವುದು 'ಮಹಾ ಸೇನಾನಿ' ಎಂಬ ಸ್ಥಾನ: ನಕ್ಷೆಯ ಮೇಲೆ ನಾಯಕಿ ಸರಿಸಿದಲ್ಲಿಗೆ ಸರಿಯುವ ಒಂದು ಕಾಯಿ. ಅವನ ಜೊತೆಗಿದ್ದ ಸಿದ್ದಿ ವೀರ ಗಜವೀರನಿಗೆ ಅದೂ ಇಲ್ಲ. ಒಬ್ಬರನ್ನು ಮುಖ ಮಾಡಿದ ಕೂಡಲೇ ಉಳಿದವರು ಕೈಕಾಲುಗಳಾಗಿಬಿಡುತ್ತಾರೆ.

ಪರದೆಯ ಹೊರಗೂ ಹೀಗೆಯೇ ನಡೆದಿದೆ. ಪಾರ್ಲಿಮೆಂಟಿನ ಆವರಣದಲ್ಲಿ 2007ರಲ್ಲಿ ಚೆನ್ನಮ್ಮನ ಪ್ರತಿಮೆ ನಿಂತಾಗ ಎಲ್ಲರಿಗೂ ಸಂತೋಷವಾಯಿತು. 2020ರಲ್ಲಿ ಬೆಳಗಾವಿಯ ಪೀರನವಾಡಿಯಲ್ಲಿ ಶಿವಾಜಿಯ ಪ್ರತಿಮೆಯಿದ್ದಲ್ಲಿ ರಾಯಣ್ಣನದೂ ಬಂದಾಗ ಪೊಲೀಸರು ನಡುವೆ ನಿಲ್ಲಬೇಕಾಯಿತು. ರಾಣಿಯನ್ನು ಒಂದು ಸಮುದಾಯ, ರಾಯಣ್ಣನನ್ನು ಇನ್ನೊಂದು ಸಮುದಾಯ ತನ್ನವರೆಂದು ಕರೆದುಕೊಳ್ಳುವುದು ಈಗ ವಾಡಿಕೆ. ಒಟ್ಟಿಗೆ ಹೋರಾಡಿದವರನ್ನು ನಾವು ಜಾತಿಪಟ್ಟಿಯಲ್ಲಿ ಬೇರೆ ಬೇರೆ ಕೂರಿಸಿದ್ದೇವೆ. ಆಟ ಕಟ್ಟುವ ಅಮೆರಿಕನ್ನರನ್ನು ಮಾತ್ರ ದೂರುವುದು ಹೇಗೆ?

ನಮ್ಮ ಓದುಗರಲ್ಲಿ ಅನೇಕರಿಗೆ ಪ್ರಿಯನಾದ ಟಿಪ್ಪುವಿನ ವಿಷಯವನ್ನೂ ಇಲ್ಲಿ ಎತ್ತಬೇಕು. ಸರಕಾರ 2015ರಲ್ಲಿ ಅವನ ಜಯಂತಿ ಶುರು ಮಾಡಿ 2019ರಲ್ಲಿ ನಿಲ್ಲಿಸಿತು. ಆ ಜಗಳದಲ್ಲಿ ಟಿಪ್ಪುವನ್ನು ಕನ್ನಡ ನಾಡಿನ ಮುಖವೆಂದು ಎತ್ತಿಹಿಡಿದವರ ಸಾಲಿನಲ್ಲಿ ನಾವೂ ಇದ್ದೆವು. ಆದರೆ 1785ರಲ್ಲಿ ನರಗುಂದವನ್ನು ಮುತ್ತಿ ಗೆದ್ದದ್ದು, ಕಿತ್ತೂರನ್ನು ಹಿಡಿದದ್ದು ಟಿಪ್ಪುವಿನ ಸೈನ್ಯವೇ. ಚೆನ್ನಮ್ಮನ ಗಂಡ ಮಲ್ಲಸರ್ಜ ಟಿಪ್ಪುವಿನ ಸೆರೆಯಲ್ಲಿದ್ದು ತಪ್ಪಿಸಿಕೊಂಡು ಬಂದನೆಂದು ಕಿತ್ತೂರಿನವರು ಹೇಳುತ್ತ ಬಂದಿದ್ದಾರೆ. ಇನ್ನೂ ಒಂದು ಮಾತು: 1818ರಲ್ಲಿ ಮನ್ರೋ ಬೆಳಗಾವಿಯ ಕೋಟೆಗೆ ಮುತ್ತಿಗೆ ಹಾಕಿದಾಗ ಕಿತ್ತೂರು ನೆರವಾದದ್ದು ಪೇಶ್ವೆಗಲ್ಲ, ಕಂಪನಿಗೆ. ಆರು ವರ್ಷದ ನಂತರ ಅದೇ ಕಂಪನಿ ಬಾಗಿಲಿಗೆ ಬಂತು. ಟಿಪ್ಪುವನ್ನೂ ಚೆನ್ನಮ್ಮನನ್ನೂ ಒಂದೇ ಬ್ಯಾನರಿನ ಮೇಲೆ ಅಚ್ಚು ಹಾಕುವ ನಾವು ಈ ಪುಟವನ್ನು ಬೇಗ ಬೇಗ ತಿರುವಿಹಾಕುತ್ತೇವೆ. ಮುಖವೆಂದು ಒಬ್ಬರನ್ನು ಆರಿಸಿಕೊಂಡ ಮೇಲೆ ಆ ಮುಖಕ್ಕೆ ಕಲೆ ಇರಬಾರದೆನ್ನಿಸುತ್ತದೆ. ಕಲೆ ತೋರಿಸಿದವನು ದ್ರೋಹಿಯಂತೆ ಕಾಣುತ್ತಾನೆ. ನಾಯಕನಿಗೆ ಬಿಡಿಸಲಾಗದ ಸ್ವಭಾವವೊಂದನ್ನು ಅಂಟಿಸುವ ಆಟ ನಮ್ಮ ಈ ದೌರ್ಬಲ್ಯವನ್ನೇ ನಕಲು ಮಾಡಿದೆ.

ಎರಡನೆಯ ರಾತ್ರಿ ಮಾತು ಸವದತ್ತಿಗೆ ಹೋಯಿತು, ಏಕೆಂದರೆ ಹುಡುಗನ ತಾಯಿಯ ತವರು ಅದು. ಪ್ರಾಚೀನ ನಾಗರಿಕತೆಯೇ ಬೇಕಿದ್ದರೆ ಕಿತ್ತೂರಿಗಿಂತ ಸವದತ್ತಿ ಬಹಳ ಹಳೆಯದು. ಆಗಿನ ಹೆಸರು ಸುಗಂಧವರ್ತಿ. ರಟ್ಟರು ಇಲ್ಲಿಂದ ಆಳಿದವರು; ಮೊದಲು ರಾಷ್ಟ್ರಕೂಟರ, ಆಮೇಲೆ ಕಲ್ಯಾಣದ ಚಾಲುಕ್ಯರ ಮಾಂಡಲಿಕರು. ಮುಂದೆ ರಾಜಧಾನಿಯನ್ನು ಬೆಳಗಾವಿಗೆ ಒಯ್ದರು. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿ ನಾಲ್ಕನೆಯ ಕಾರ್ತವೀರ್ಯನ ಕಾಲದ್ದು. ಇಷ್ಟೆಲ್ಲ ಹೇಳಿ, 'ಸವದತ್ತಿಗೆ ಪ್ರತಿನಿಧಿ ಯಾರು' ಎಂದು ಹುಡುಗನ ತಾಯಿಯನ್ನು ಕೇಳಿದರೆ ಆಕೆ ಒಂದು ಕ್ಷಣವೂ ಯೋಚಿಸದೆ 'ಎಲ್ಲವ್ವ' ಎಂದರು. ಆ ಮನೆ ಮುಸ್ಲಿಂ ಮನೆ ಎಂಬುದನ್ನು ಓದುಗರು ಗಮನಿಸಬೇಕು. ಹುಣ್ಣಿಮೆಗಳಲ್ಲಿ ಗುಡ್ಡಕ್ಕೆ ಹೋಗುವ ಎತ್ತಿನ ಬಂಡಿಗಳನ್ನು ಕಂಡು ಬೆಳೆದ ಯಾರೂ ಬೇರೆ ಹೆಸರು ಹೇಳಲಾರರು. ಜಪಾನಿಗೆ ಸೂರ್ಯದೇವಿಯನ್ನು ಕೂರಿಸಿದವರನ್ನು ನೋಡಿ ಮೇಲೆ ನಕ್ಕೆವಲ್ಲ, ಆ ನಗೆ ಇಲ್ಲಿ ಸ್ವಲ್ಪ ಅಡಗಿತು. ವ್ಯತ್ಯಾಸವಿದೆ, ನಿಜ. ಜನ ಎಲ್ಲಮ್ಮನ ಬಳಿಗೆ ಹೋಗುವುದು ಅವಳ ಆಜ್ಞೆ ಕೇಳಲು ಅಲ್ಲ, ತಮ್ಮ ಅಳಲು ಹೇಳಲು. ಅದೇ ಗುಡ್ಡದಲ್ಲಿ ಅವಳ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಿದ್ದೂ ಉಂಟು, ಅದನ್ನು ತಡೆಯಲು 1982ರಲ್ಲಿ ಕಾಯಿದೆ ಮಾಡಬೇಕಾಯಿತು. ದೇವಿಯನ್ನು ಊರಿನ ಮುಖವೆಂದರೆ ಆ ಹೆಣ್ಣುಮಕ್ಕಳ ಮುಖ ಯಾರ ಹಿಂದೆ ಹೋಗಿ ನಿಲ್ಲಬೇಕು?

ಸವದತ್ತಿ ತಾಲೂಕಿನಲ್ಲೇ ಶಿರಸಂಗಿಯಿದೆ. ಅಲ್ಲಿಯ ದೇಸಾಯಿ ಲಿಂಗರಾಜರು (1861–1906) ತಮ್ಮ ಸಂಸ್ಥಾನದ ಆಸ್ತಿಯನ್ನು ಬಡ ಹುಡುಗರ ವಿದ್ಯಾಭ್ಯಾಸಕ್ಕೆಂದು ಬರೆದಿಟ್ಟು ಹೋದರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. ನಮ್ಮ ಮಟ್ಟಿಗೆ ಹೇಳುವುದಾದರೆ ಈ ನಾಲ್ಕು ತಾಲೂಕುಗಳಿಂದ ಒಬ್ಬರನ್ನು ಆರಿಸಲೇಬೇಕಿದ್ದರೆ ನಾವು ಅವರ ಹೆಸರನ್ನೇ ಸೂಚಿಸುತ್ತಿದ್ದೆವು. ಹುಡುಗ ತಲೆಯಾಡಿಸಿದ. ಯುದ್ಧದಿಂದ ಗೆಲ್ಲಬಹುದು, ವಿಜ್ಞಾನದಿಂದ, ಧರ್ಮದಿಂದ, ಸಂಸ್ಕೃತಿಯಿಂದ, ರಾಜತಂತ್ರದಿಂದಲೂ ಗೆಲ್ಲಬಹುದು. ಇದ್ದದ್ದನ್ನೆಲ್ಲ ಕೊಟ್ಟುಬಿಟ್ಟರೆ ಮಾತ್ರ ಈ ಆಟದಲ್ಲಿ ಸೋಲೇ ಎಂದ. ಅವನು ಹೇಳಿದ್ದು ಆಟದ ನಿಯಮ. ಆದರೆ ಅವನ ಅಜ್ಜ ಕೂತಲ್ಲಿಂದಲೇ 'ಊರಾಗೂ ಈಗ ಹಂಗ ಆಗೇತಿ' ಎಂದರು.

ಏಳನೆಯ ಆವೃತ್ತಿ ಕಟ್ಟಿದವರಿಗೆ ಈ ತೊಡಕುಗಳು ಸ್ವಲ್ಪ ಮಟ್ಟಿಗೆ ಅರ್ಥವಾದಂತಿವೆ. ಅದರಲ್ಲಿ ರಾಜ್ಯವಾಳದವರೂ ನಾಯಕರಾಗಬಹುದು. ಕನ್‌ಫ್ಯೂಶಿಯಸ್ ಇದ್ದಾನೆ, ಗುಲಾಮರನ್ನು ಬಿಡಿಸಿದ ಹ್ಯಾರಿಯೆಟ್ ಟಬ್‌ಮನ್ ಇದ್ದಾಳೆ, ನಮ್ಮ ಕರಾವಳಿಯನ್ನು ಕಂಡು ಹೋದ ಇಬ್ನ್ ಬತೂತ ಇದ್ದಾನೆ. ಹದಿನಾಲ್ಕನೆಯ ಶತಮಾನದ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆನೆಂದು ಲೆಕ್ಕ ಬರೆದಿಟ್ಟವನು. ಕಂಡದ್ದನ್ನು ಬರೆದವನೂ ನಾಯಕನೆಂದರೆ ನಮಗೆ ಸಂತೋಷವೇ. ಇನ್ನೊಂದು ಬದಲಾವಣೆಯೆಂದರೆ ಯಾವ ನಾಯಕ ಯಾವ ನಾಡನ್ನಾದರೂ ಆಳಬಹುದು. ಅಶೋಕ ರೋಮನ್ನರನ್ನು ಮುನ್ನಡೆಸಬಹುದು. ಇದು ನಮಗೆ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. ಒಂದು ಜನಕ್ಕೆ ಒಂದೇ ಮುಖ ಎಂಬ ಭಾರ ಇಳಿಯಿತು, ಸರಿ. ಆದರೆ ಕಳಿಂಗವೇ ಇಲ್ಲದ ಅಶೋಕ ಯಾವ ಅಶೋಕ? ಮುಖ ಹೋಗಿ ಮುಖವಾಡ ಬಂದಂತಾಯಿತು.

ಗಾಂಧಿಯ ಮುಖಕ್ಕೆ ಆದದ್ದಂತೂ ಇನ್ನೂ ವಿಚಿತ್ರ. ಆಟದ ಗಾಂಧಿ ಅಣುಬಾಂಬ್ ಹಾಕುತ್ತಾನೆಂಬುದು ಜಗತ್ತಿನ ಆಟಗಾರರಲ್ಲೆಲ್ಲ ಪ್ರಸಿದ್ಧವಾದ ಹಾಸ್ಯ. ಮೊದಲ ಆವೃತ್ತಿಯಲ್ಲಿ ಅವನ ಕೋಪದ ಅಂಕ ಒಂದೇ ಇದ್ದು, ಅದರಿಂದ ಎರಡು ಕಳೆದಾಗ ಯಂತ್ರ ತಪ್ಪಿ 255 ಮಾಡಿತೆಂದು ಕತೆ ಹಬ್ಬಿತ್ತು. ಅಂಥ ದೋಷವೇ ಇರಲಿಲ್ಲವೆಂದು ಸಿಡ್ ಮಯರ್ 2020ರ ತಮ್ಮ ಆತ್ಮಕತೆಯಲ್ಲಿ ಹೇಳಿದ್ದಾರೆ. ಅಣುಬಾಂಬಿನ ಮೇಲೆ ಅತಿ ಒಲವುಳ್ಳ ಗಾಂಧಿಯನ್ನು ಬೇಕೆಂದೇ ಇಟ್ಟದ್ದು 2010ರ ಐದನೆಯ ಆವೃತ್ತಿಯಲ್ಲಿ, ತಮಾಷೆಗೆ. ಆ ಹೊತ್ತಿಗೆ ನಮಗೆ ರಾಮದುರ್ಗ ನೆನಪಾಯಿತು. ಭಾವೆ ಮನೆತನದ ಆ ಪುಟ್ಟ ಸಂಸ್ಥಾನದಲ್ಲಿ 1939ರ ಏಪ್ರಿಲ್‌ನಲ್ಲಿ ಪ್ರಜೆಗಳು ಎದ್ದರು. ಕಾಂಗ್ರೆಸ್ಸಿನ ಹೆಸರಿನಲ್ಲಿ ಶುರುವಾದ ಚಳವಳಿ ಕೈಮೀರಿ, ಗುಂಪಿನ ಕೈಯಲ್ಲಿ ಪೊಲೀಸರು ಸತ್ತರು. ಆಮೇಲೆ ಗಲ್ಲುಗಳೂ ಆದವು. ಗಾಂಧೀಜಿ ಇದರಿಂದ ತುಂಬಾ ನೊಂದರು. ಎದುರಾಳಿ ಅನ್ಯಾಯ ಮಾಡಿದನೆಂಬುದು ನಮ್ಮವರ ಹಿಂಸೆಗೆ ನೆಪವಾಗದು ಎಂಬ ನಿಲುವಿನಿಂದ ಅವರು ಕದಲಲಿಲ್ಲ. ತಮ್ಮ ಪರವಾಗಿ ನಡೆದ ಕೊಲೆಯನ್ನೂ ತಮ್ಮದೆಂದು ಹೊತ್ತು ನೊಂದ ಆ ಮನುಷ್ಯನನ್ನು ಬಾಂಬಿನ ಹಾಸ್ಯ ಮಾಡಿದ್ದಾರೆ. ಸಿಟ್ಟು ಬರಲಿಲ್ಲ, ಒಂದು ಬಗೆಯ ನಾಚಿಕೆಯಾಯಿತು. ಆ ಹಾಸ್ಯಕ್ಕೆ ಹುಡುಗನೂ ನಾವೂ ಮೊದಲ ರಾತ್ರಿ ನಕ್ಕಿದ್ದೆವು.

ರಾಮದುರ್ಗಕ್ಕೆ ಯಾರನ್ನು ನಾಯಕನೆನ್ನುವುದು? ಭಾವೆ ದೊರೆಗಳನ್ನೇ? ಅದೇ ಮನೆತನದ ನರಗುಂದದ ಬಾಬಾಸಾಹೇಬ 1858ರಲ್ಲಿ ಕಂಪನಿಯ ಏಜೆಂಟ್ ಮ್ಯಾನ್ಸನ್‌ನನ್ನು ಸುರೇಬಾನದಲ್ಲಿ ಕೊಂದು ಬೆಳಗಾವಿಯಲ್ಲಿ ಗಲ್ಲಿಗೇರಿದ. ಆಗ ರಾಮದುರ್ಗದ ಗದ್ದುಗೆಯಲ್ಲಿದ್ದ ಅವನ ಮಲತಮ್ಮ ಬ್ರಿಟಿಷರ ಪಕ್ಷದಲ್ಲಿದ್ದ. ಅಥವಾ 1939ರಲ್ಲಿ ಬೀದಿಗಿಳಿದ ನೇಕಾರರು, ರೈತರನ್ನೇ? ಅವರದು ಒಂದು ಮುಖವಲ್ಲ. ಆಟದಲ್ಲಿ ಜನವೆಂದರೆ ಊರಿನ ಹೆಸರಿನ ಪಕ್ಕದ ಒಂದು ಅಂಕಿ: ಐದು, ಏಳು, ಹನ್ನೆರಡು. ಅನ್ನ ಹೆಚ್ಚಾದರೆ ಅಂಕಿ ಏರುತ್ತದೆ, ಮುತ್ತಿಗೆ ಬಿದ್ದರೆ ಇಳಿಯುತ್ತದೆ.

ಮರುದಿನ ಬೆಳಿಗ್ಗೆ ಹೊರಡುವ ಮುಂಚೆ ಹುಡುಗನ ಕೆಲಸ ಎಲ್ಲಿಗೆ ಬಂತೆಂದು ನೋಡಿದೆವು. ವಿಶೇಷ ಶಕ್ತಿಯ ಖಾನೆಯಲ್ಲಿ ಇದ್ದದ್ದನ್ನು ಅಳಿಸಿದ್ದ, ಹೊಸದೇನೂ ಬರೆದಿರಲಿಲ್ಲ. 'ಸಹಿಸದಿರುವುದು' ಎಂಬಲ್ಲಿ 'ಒಪ್ಪಂದ ಮುರಿದವರು' ಎಂದಿತ್ತು. ಊರುಗಳ ಪಟ್ಟಿಯಲ್ಲಿ ಕಿತ್ತೂರು, ಕಾಕತಿ, ಸಂಗೊಳ್ಳಿ, ಅಮಟೂರು, ಬೈಲಹೊಂಗಲ. ಸವದತ್ತಿಯನ್ನು ಸೇರಿಸಿ, ತೆಗೆದು, ಮತ್ತೆ ಸೇರಿಸಿದ್ದ, ತಾಯಿಯ ಒತ್ತಾಯವಿರಬೇಕು. ರಾಮದುರ್ಗ ಪಟ್ಟಿಯಲ್ಲಿರಲಿಲ್ಲ. ಎಲ್ಲಿ ಹೋಯಿತೆಂದು ಕೇಳಿದೆವು. ಈ ಆಟದಲ್ಲಿ ದೊಡ್ಡ ರಾಜ್ಯಗಳ ನಡುವೆ ಅಲ್ಲಲ್ಲಿ ಸ್ವತಂತ್ರ ನಗರಗಳು ಇರುತ್ತವಂತೆ, ಅವುಗಳಿಗೆ ಊರಿನ ಹೆಸರು ಮತ್ತು ಒಂದು ಗುರುತು ಮಾತ್ರ, ನಾಯಕನ ಚಿತ್ರವಿಲ್ಲ. ರಾಮದುರ್ಗವನ್ನು ಅಲ್ಲಿಗೆ ಹಾಕಿದ್ದೇನೆ ಎಂದ. ಗುರುತಿಗೆ ಏನಿಡಬೇಕೆಂದು ಇನ್ನೂ ಗೊತ್ತಾಗಿಲ್ಲವೆಂದೂ, ಸದ್ಯಕ್ಕೆ ಒಂದು ಮಗ್ಗದ ಚಿತ್ರ ಹುಡುಕುತ್ತಿದ್ದೇನೆಂದೂ ಹೇಳಿದ.